ತಕ್ಕಡಿಗೆ ಕಾಣದ ಕೊಬ್ಬು

2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಇಬ್ಬರು ವೈದ್ಯವಿಜ್ಞಾನಿಗಳು ಅಕ್ಕಪಕ್ಕ ನಿಂತ ಛಾಯಾಚಿತ್ರವೊಂದನ್ನು ಪ್ರಕಟಿಸಿತು. ಒಬ್ಬರು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. ಇನ್ನೊಬ್ಬರು ಲಂಡನ್ನಿನ ಡಾ. ಜಾನ್ ಯಡ್ಕಿನ್. ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಹೇಳುವ ಬಿಎಂಐ ಸೂಚ್ಯಂಕ ಇಬ್ಬರದೂ ಒಂದೇ, 22.3. ಯಾವ ಕೋಷ್ಟಕದ ಪ್ರಕಾರವೂ ಇಬ್ಬರೂ ಸ್ಥೂಲಕಾಯರಲ್ಲ. ಆದರೆ ಶರೀರದಲ್ಲಿನ ಕೊಬ್ಬನ್ನು ಅಳೆದಾಗ ಯಡ್ಕಿನ್ ಅವರಲ್ಲಿ ಶೇ 9.1ರಷ್ಟು, ಯಾಜ್ಞಿಕ್ ಅವರಲ್ಲಿ ಶೇ 21.2ರಷ್ಟು ಕಂಡುಬಂತು. ಒಂದೇ ಸೂಚ್ಯಂಕ. ಒಳಗಿನ ಕೊಬ್ಬು ಮಾತ್ರ ಎರಡು ಪಟ್ಟಿಗಿಂತ ಹೆಚ್ಚು.

ತೆಳ್ಳಗೆ ಕಾಣುವ ಭಾರತೀಯನಿಗೆ ಮಧುಮೇಹ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಆ ಒಂದು ಚಿತ್ರದಲ್ಲಿತ್ತು. ಎರಡು ದಶಕಗಳು ಕಳೆದಿವೆ. ತೂಕ ಇಳಿಸುವ ಕುರಿತ ನಮ್ಮ ಚರ್ಚೆ ಮಾತ್ರ ಆ ಚಿತ್ರವನ್ನು ನೋಡಿಯೇ ಇಲ್ಲವೆಂಬಂತೆ ಸಾಗಿದೆ. ಒಂದು ಪಂಗಡ ಕ್ಯಾಲೊರಿಯ ಲೆಕ್ಕ ಬರೆಯುತ್ತದೆ. ಇನ್ನೊಂದು ಪಂಗಡ, ಕ್ಯಾಲೊರಿಯ ಮಾತು ಬಿಡಿ, ರಕ್ತದ ಸಕ್ಕರೆ ಏರದಂತೆ ನೋಡಿಕೊಂಡರೆ ತೂಕ ತಾನಾಗಿ ಇಳಿಯುತ್ತದೆ ಎನ್ನುತ್ತದೆ. ಇವೆರಡರ ನಡುವೆ ‘ನನ್ನ ಮೆಟಬಾಲಿಸಂ ನಿಧಾನ’ ಎಂದು ಕೈಚೆಲ್ಲುವವರ ಸಂಖ್ಯೆಯೂ ಕಡಿಮೆಯಿಲ್ಲ. ಈ ಮೂರೂ ಮಾತುಗಳಲ್ಲಿ ಅಷ್ಟಷ್ಟು ಸತ್ಯವಿದೆ. ಯಾವುದರಲ್ಲಿ ಎಷ್ಟು ಎಂಬುದನ್ನು ತಿಳಿಯುವುದು ಅಗತ್ಯ. ಏಕೆಂದರೆ ನಮ್ಮಲ್ಲಿ ತೂಕದ ಪ್ರಶ್ನೆ ಅಂದಚಂದದ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ ನಡೆದು, 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನ ಮಧುಮೇಹಿಗಳು. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ.

<b>ಒಂದು ಚಮಚ ಸಕ್ಕರೆಯ ಕಾವಲು</b>

ಆರೋಗ್ಯವಂತ ವಯಸ್ಕನ ಶರೀರದಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲೂಕೋಸ್ ಎಷ್ಟೆಂದರೆ ಸುಮಾರು ಐದು ಗ್ರಾಂ, ಅಂದರೆ ಒಂದು ಚಹಾ ಚಮಚ. ಒಂದು ದೊಡ್ಡ ಬಟ್ಟಲು ಅನ್ನ ಉಂಡಾಗ ಅದರ ಹತ್ತು ಪಟ್ಟು ಗ್ಲೂಕೋಸ್ ಕರುಳಿನಿಂದ ರಕ್ತಕ್ಕೆ ಇಳಿಯುತ್ತದೆ. ಆದರೂ ಎರಡು ಗಂಟೆ ಕಳೆದು ಪರೀಕ್ಷಿಸಿದರೆ ಮಟ್ಟ ಬಹುತೇಕ ಮೊದಲಿನಂತಿರುತ್ತದೆ. ಈ ಅಚ್ಚರಿಯ ಕೆಲಸವನ್ನು ನಡೆಸುವುದು ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್.

ಇನ್ಸುಲಿನ್ನನ್ನು ‘ಜೀವಕೋಶದ ಬಾಗಿಲು ತೆರೆಯುವ ಬೀಗದ ಕೈ’ ಎಂದು ಶಾಲೆಯ ಪಾಠಗಳು ವರ್ಣಿಸುತ್ತವೆ. ಅದು ಅರ್ಧ ಸತ್ಯ. ಇನ್ಸುಲಿನ್ ಒಬ್ಬ ಉಗ್ರಾಣದ ಅಧಿಕಾರಿ. ಹೊರಗಿನಿಂದ ದಿನಸಿ ಬಂದಿದೆ ಎಂಬ ಸುದ್ದಿಯನ್ನು ಅದು ಮೂರು ಕಡೆಗೆ ಮುಟ್ಟಿಸುತ್ತದೆ. ಸ್ನಾಯುಗಳಿಗೆ, ಸಕ್ಕರೆ ತೆಗೆದುಕೊಳ್ಳಿ ಎನ್ನುತ್ತದೆ. ಯಕೃತ್ತಿಗೆ, ನೀನು ಸಕ್ಕರೆ ಬಿಡುವುದನ್ನು ನಿಲ್ಲಿಸು ಎನ್ನುತ್ತದೆ. ಕೊಬ್ಬಿನ ಕೋಶಗಳಿಗೆ, ಇಟ್ಟಿದ್ದನ್ನು ಈಗ ಹೊರಗೆ ಕೊಡಬೇಡಿ ಎನ್ನುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಇಡಲು ಸ್ಥಳವಿದೆ. ಸಕ್ಕರೆ ಉರಿಯುತ್ತಿರುವಷ್ಟು ಹೊತ್ತು ಊಟದಲ್ಲಿದ್ದ ಎಣ್ಣೆ ತುಪ್ಪದ ಕೊಬ್ಬು ಉಗ್ರಾಣಕ್ಕೆ ಹೋಗುತ್ತದೆ. ಸಕ್ಕರೆಯೇ ಮಿತಿಮೀರಿದಾಗ ಯಕೃತ್ತು ಅದನ್ನೂ ಕೊಬ್ಬಾಗಿ ಮಾರ್ಪಡಿಸುತ್ತದೆ.

ರಾತ್ರಿ ಮಲಗಿದಾಗ ವ್ಯವಹಾರ ತಿರುಗುಮುರುಗಾಗುತ್ತದೆ. ಇನ್ಸುಲಿನ್ ಇಳಿಯುತ್ತದೆ, ಕೊಬ್ಬಿನ ಕೋಶಗಳು ಬಾಗಿಲು ತೆರೆಯುತ್ತವೆ, ಯಕೃತ್ತು ತನ್ನ ದಾಸ್ತಾನಿನಿಂದ ಮೆದುಳಿಗೆ ಸಕ್ಕರೆ ಒದಗಿಸುತ್ತದೆ. ‘ರಾತ್ರಿ ಎರಡೇ ಚಪಾತಿ ತಿಂದಿದ್ದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 130 ಬಂದಿದೆ’ ಎಂದು ಅನೇಕರು ಪೇಚಾಡುವುದುಂಟು. ಬೆಳಗಿನ ಆ ಸಕ್ಕರೆ ಹೆಚ್ಚಾಗಿ ರಾತ್ರಿಯ ಚಪಾತಿಯದ್ದಲ್ಲ. ಇನ್ಸುಲಿನ್ನಿನ ಮಾತು ಕೇಳದ ಯಕೃತ್ತು ರಾತ್ರಿಯಿಡೀ ಅಗತ್ಯಕ್ಕಿಂತ ಹೆಚ್ಚು ತಯಾರಿಸಿ ಹೊರಬಿಟ್ಟದ್ದು. ಯಕೃತ್ತು ಏಕೆ ಮಾತು ಕೇಳುವುದಿಲ್ಲ ಎಂಬುದೇ ಈ ಕಥೆಯ ತಿರುಳು. ಅದಕ್ಕೆ ಮೊದಲು ಒಂದು ಜನಪ್ರಿಯ ವಾದವನ್ನು ಪರಿಶೀಲಿಸಬೇಕು.

<b>ಸಿದ್ಧಾಂತ ಮತ್ತು ಪ್ರಯೋಗ</b>

ಇನ್ಸುಲಿನ್ ಕೊಬ್ಬಿನ ಬಾಗಿಲು ಮುಚ್ಚುತ್ತದೆ ಎಂದ ಮೇಲೆ, ಇನ್ಸುಲಿನ್ ಏರಿಸುವ ಅನ್ನ, ಬ್ರೆಡ್ಡು, ಸಕ್ಕರೆಯೇ ಬೊಜ್ಜಿನ ಮೂಲ. ಅವನ್ನು ಬಿಟ್ಟರೆ ಉಳಿದದ್ದನ್ನು ಹೊಟ್ಟೆ ತುಂಬ ತಿಂದರೂ ತೂಕ ಇಳಿಯುತ್ತದೆ. ಇದು ವಾದ. ಅಮೆರಿಕದ ವಿಜ್ಞಾನ ಲೇಖಕ ಗ್ಯಾರಿ ಟಾಬ್ಸ್ 2007ರಲ್ಲಿ ಬರೆದ ಪುಸ್ತಕ ಇದನ್ನು ಮನೆಮಾತಾಗಿಸಿತು. ಕೇಳಲು ತರ್ಕಬದ್ಧವಾಗಿಯೇ ಇದೆ. ಆದರೆ ಶರೀರ ಒಂದು ಗಂಟೆಯ ಲೆಕ್ಕದಲ್ಲಿ ನಡೆಯುವುದಿಲ್ಲ. ಊಟವಾದ ಮೇಲೆ ಮುಚ್ಚಿದ ಬಾಗಿಲು ಮುಂದಿನ ಊಟದವರೆಗೆ ಮತ್ತೆ ತೆರೆಯುತ್ತದೆ. ದಿನದ ಕೊನೆಗೆ ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂಬುದು ಮುಖ್ಯ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ 2015ರಲ್ಲಿ ಈ ವಾದವನ್ನು ನೇರ ಪರೀಕ್ಷೆಗೆ ಒಡ್ಡಿದರು. 19 ಮಂದಿ ಸ್ಥೂಲಕಾಯರನ್ನು ಸಂಸ್ಥೆಯಲ್ಲೇ ಇರಿಸಿಕೊಂಡು, ಒಮ್ಮೆ ಪಿಷ್ಟವನ್ನು, ಇನ್ನೊಮ್ಮೆ ಅಷ್ಟೇ ಕ್ಯಾಲೊರಿಯ ಕೊಬ್ಬನ್ನು ಆಹಾರದಿಂದ ಕಡಿತ ಮಾಡಿದರು. ಪಿಷ್ಟ ಕಡಿಮೆಯಾದಾಗ ಇನ್ಸುಲಿನ್ ಇಳಿದದ್ದು ನಿಜ. ಆದರೆ ಶರೀರದ ಕೊಬ್ಬು ಹೆಚ್ಚು ಕರಗಿದ್ದು ಆಹಾರದಲ್ಲಿ ಕೊಬ್ಬನ್ನು ಕಡಿಮೆ ಮಾಡಿದಾಗ. ಆರು ದಿನಗಳ ಪ್ರಯೋಗ ಬಹಳ ಚಿಕ್ಕದಾಯಿತು ಎನ್ನುವವರಿಗೆ, 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವಿದೆ. 609 ಜನರಲ್ಲಿ ಅರ್ಧದಷ್ಟು ಮಂದಿಗೆ ಕಡಿಮೆ ಕೊಬ್ಬಿನ, ಉಳಿದವರಿಗೆ ಕಡಿಮೆ ಪಿಷ್ಟದ ಆಹಾರ. ವರ್ಷದ ಕೊನೆಗೆ ಮೊದಲ ಗುಂಪು ಸರಾಸರಿ 5.3 ಕೆ.ಜಿ., ಎರಡನೆಯದು 6 ಕೆ.ಜಿ. ಇಳಿಸಿತ್ತು. ಈ ಅಂತರ ಗಣನೀಯವಲ್ಲ. ಯಾರ ಶರೀರ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆ ಎಂಬುದರಿಂದ ಯಾರಿಗೆ ಯಾವ ಆಹಾರ ಒಗ್ಗುತ್ತದೆ ಎಂದು ಊಹಿಸಲೂ ಸಾಧ್ಯವಾಗಲಿಲ್ಲ.

ಗಡಿಯಾರ ನೋಡಿ ಉಣ್ಣುವ ಪದ್ಧತಿಯ ಕಥೆಯೂ ಹೀಗೆಯೇ. ದಿನದ ಎಂಟು ಗಂಟೆಯೊಳಗೆ ಊಟ ಮುಗಿಸುವ ಉಪವಾಸ ಕ್ರಮವನ್ನು ಚೀನಾದಲ್ಲಿ 139 ಜನರ ಮೇಲೆ ವರ್ಷವಿಡೀ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಕ್ಯಾಲೊರಿ ಕಡಿತದ ಜೊತೆಗೆ ಗಡಿಯಾರವನ್ನೂ ಪಾಲಿಸಿದವರು 8 ಕೆ.ಜಿ., ಬರೀ ಕ್ಯಾಲೊರಿ ಕಡಿತ ಮಾಡಿದವರು 6.3 ಕೆ.ಜಿ. ಇಳಿಸಿದ್ದರು. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಇದು ಸಾಬೀತಾದ ವ್ಯತ್ಯಾಸವಲ್ಲ. ನಮ್ಮ ಹಿರಿಯರ ಒಪ್ಪೊತ್ತಿನ ಊಟಕ್ಕೆ ಅರ್ಥವಿಲ್ಲವೆಂದಲ್ಲ. ಒಂದು ಹೊತ್ತು ಬಿಟ್ಟವನು ಇನ್ನೊಂದು ಹೊತ್ತಿನಲ್ಲಿ ಅದನ್ನು ತುಂಬಿಕೊಳ್ಳದಿದ್ದರೆ ಅದಕ್ಕೆ ಫಲವುಂಟು. ಏಕಾದಶಿಯ ಹೆಸರಿನಲ್ಲಿ ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣಿನ ರಸಾಯನಗಳ ಫಲಾಹಾರ ನಡೆದರೆ ಅನ್ನವೊಂದನ್ನು ಬಿಟ್ಟ ಪುಣ್ಯವಷ್ಟೇ ದಕ್ಕುತ್ತದೆ.

ಹಾಗಾದರೆ ಸಕ್ಕರೆಯ ಪಂಗಡದವರು ಹೇಳುವುದೆಲ್ಲ ಸುಳ್ಳೇ? ಅಲ್ಲ. ನುಣ್ಣಗೆ ಪಾಲಿಶ್ ಮಾಡಿದ ಧಾನ್ಯ, ಮೈದಾ, ಸಿಹಿ ಪಾನೀಯಗಳನ್ನು ಬಿಟ್ಟು ಕಾಳು, ತರಕಾರಿ, ಮೊಸರು, ಮೊಟ್ಟೆಗಳತ್ತ ತಿರುಗಿದ ಅನೇಕರು ತೂಕ ಇಳಿಸಿಕೊಂಡಿದ್ದಾರೆ. ಅದಕ್ಕೆ ಕಾರಣ, ಅಂಥ ಊಟ ಬೇಗ ತೃಪ್ತಿ ಕೊಟ್ಟು, ಕೇಳದೆಯೇ ಕ್ಯಾಲೊರಿ ಕಡಿಮೆ ಮಾಡುತ್ತದೆ. ಹಾಲ್ ಅವರೇ 2019ರಲ್ಲಿ ತೋರಿಸಿದಂತೆ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸುಗಳನ್ನು ಮುಂದಿಟ್ಟಾಗ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ತಟ್ಟೆಯಲ್ಲಿದ್ದ ಸಕ್ಕರೆ, ಕೊಬ್ಬು, ನಾರಿನ ಪ್ರಮಾಣವನ್ನು ಎರಡೂ ಬಗೆಯ ಊಟದಲ್ಲಿ ಸರಿಸಮವಾಗಿ ಇಟ್ಟಿದ್ದರೂ ಹೀಗಾಯಿತು. ತೂಕದ ತೀರ್ಪು ಹೆಚ್ಚಾಗಿ ಬರೆಯಲ್ಪಡುವುದು ರಕ್ತದಲ್ಲಿ ಅಲ್ಲ, ಹಸಿವನ್ನು ಆಳುವ ಮೆದುಳಿನಲ್ಲಿ.

<b>ಆರೋಪ ಹೊತ್ತ ಚಯಾಪಚಯ</b>

ಇನ್ನು ‘ನಿಧಾನವಾದ ಮೆಟಬಾಲಿಸಂ’ ಎಂಬ ಆರೋಪ. ಶರೀರ ದಿನವೂ ಖರ್ಚು ಮಾಡುವ ಶಕ್ತಿಯಲ್ಲಿ ಶೇ 60ರಿಂದ 70ರಷ್ಟು, ನಾವು ಸುಮ್ಮನೆ ಮಲಗಿದ್ದರೂ ನಡೆಯುವ ಕೆಲಸಗಳಿಗೆ ಸಲ್ಲುತ್ತದೆ. ಹೃದಯದ ಬಡಿತ, ಉಸಿರಾಟ, ಮೆದುಳು, ಯಕೃತ್ತು, ಮೂತ್ರಪಿಂಡಗಳ ದುಡಿಮೆ ಇವೆಲ್ಲ ಅದರಲ್ಲಿ ಸೇರುತ್ತವೆ. ಉಂಡದ್ದನ್ನು ಜೀರ್ಣಿಸಲು ಹತ್ತನೆಯ ಒಂದು ಪಾಲು ಬೇಕು. ಉಳಿದದ್ದು ನಡೆದಾಟ, ದುಡಿಮೆ, ವ್ಯಾಯಾಮಕ್ಕೆ. ನಲವತ್ತು ದಾಟಿದೊಡನೆ ಈ ಯಂತ್ರ ಮಂದವಾಗುತ್ತದೆ ಎಂಬುದು ಸರ್ವತ್ರ ನಂಬಿಕೆ. 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಳಗೊಂಡ ಅಧ್ಯಯನ ಈ ನಂಬಿಕೆಯನ್ನು ಅಲುಗಿಸಿತು. ಶರೀರದ ಗಾತ್ರ ಮತ್ತು ಸ್ನಾಯುವಿನ ಲೆಕ್ಕ ತೆಗೆದು ನೋಡಿದರೆ, 20ರಿಂದ 60ರ ವಯಸ್ಸಿನವರೆಗೆ ಚಯಾಪಚಯದ ವೇಗ ಹೆಚ್ಚುಕಡಿಮೆ ಸ್ಥಿರ. ಇಳಿಯತೊಡಗುವುದು 60ರ ನಂತರ. ಅದೂ ವರ್ಷಕ್ಕೆ ಶೇ 0.7ರಷ್ಟು ಮಾತ್ರ. ನಲವತ್ತರಲ್ಲಿ ಬೆಳೆಯುವ ಹೊಟ್ಟೆಗೆ ಕಾರಣವನ್ನು ಬೇರೆಡೆ, ಕುರ್ಚಿಯಲ್ಲಿ, ಕಾರಿನಲ್ಲಿ, ಕರಗುತ್ತಿರುವ ಸ್ನಾಯುವಿನಲ್ಲಿ, ನಿದ್ದೆಗೆಟ್ಟ ರಾತ್ರಿಗಳಲ್ಲಿ ಹುಡುಕಬೇಕು.

ಆದರೆ ಚಯಾಪಚಯ ನಿಜವಾಗಿ ಮಂದವಾಗುವ ಒಂದು ಸಂದರ್ಭವಿದೆ. ಅದು ತೂಕ ಇಳಿಸಿದಾಗ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ ಅಮೆರಿಕದ ಆನ್ಸೆಲ್ ಕೀಸ್, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಮಂದಿ ಸ್ವಯಂಸೇವಕ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇರಿಸಿದರು. ತೂಕ ಕಾಲು ಭಾಗದಷ್ಟು ಇಳಿಯಿತು. ಅವರ ವಿಶ್ರಾಂತ ಚಯಾಪಚಯ ಅದಕ್ಕಿಂತ ಹೆಚ್ಚಾಗಿ, ಸುಮಾರು ಶೇ 40ರಷ್ಟು ಕುಸಿಯಿತು. ಆಹಾರದ ಹೊರತು ಬೇರೇನೂ ಅವರ ತಲೆಯಲ್ಲಿ ಉಳಿಯಲಿಲ್ಲ. ಅಮೆರಿಕದ ಟಿ.ವಿ. ಸ್ಪರ್ಧೆಯೊಂದರಲ್ಲಿ 30 ವಾರಗಳಲ್ಲಿ ಸರಾಸರಿ 58 ಕೆ.ಜಿ. ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ಬಳಿಕ ಪರೀಕ್ಷಿಸಿದಾಗ, ಇಳಿದದ್ದರಲ್ಲಿ 41 ಕೆ.ಜಿ. ಮರಳಿ ಬಂದಿತ್ತು. ಆದರೂ ಅವರ ಶರೀರ, ಆ ಗಾತ್ರಕ್ಕೆ ನಿರೀಕ್ಷಿಸುವುದಕ್ಕಿಂತ ದಿನಕ್ಕೆ 500 ಕ್ಯಾಲೊರಿಯಷ್ಟು ಕಡಿಮೆ ಖರ್ಚು ಮಾಡುತ್ತಿತ್ತು. ಬರಗಾಲಗಳನ್ನು ದಾಟಿ ಬಂದ ಶರೀರಕ್ಕೆ ಪಥ್ಯಕ್ಕೂ ಕ್ಷಾಮಕ್ಕೂ ಭೇದ ತಿಳಿಯದು. ಮದುವೆಗೆ ಇನ್ನು ಎರಡು ತಿಂಗಳಿದೆ ಎಂದು ಹತ್ತು ಕಿಲೊ ಇಳಿಸಲು ಹೊರಡುವವರು ಇದನ್ನು ನೆನಪಿಡುವುದು ಒಳ್ಳೆಯದು. ತೂಕ ಮರಳುವುದು ಸಂಕಲ್ಪದ ದೌರ್ಬಲ್ಯದಿಂದ ಮಾತ್ರವಲ್ಲ.

<b>ಕೊಬ್ಬು ಎಲ್ಲಿದೆ ಎಂಬುದೇ ಪ್ರಶ್ನೆ</b>

ಈಗ ಮಾತು ಕೇಳದ ಯಕೃತ್ತಿನ ವಿಷಯಕ್ಕೆ ಮರಳೋಣ. ಚರ್ಮದ ಕೆಳಗಿನ ಕೊಬ್ಬು ಶರೀರದ ಸುರಕ್ಷಿತ ಉಗ್ರಾಣ. ಅದು ತುಂಬಿದ ಮೇಲೆ ಹೆಚ್ಚಿನದು ಅಂಗಾಂಗಗಳ ಸುತ್ತ, ಯಕೃತ್ತಿನೊಳಗೆ, ಮೇದೋಜೀರಕದೊಳಗೆ ಸೇರಲು ತೊಡಗುತ್ತದೆ. ಕೊಬ್ಬು ತುಂಬಿದ ಯಕೃತ್ತಿಗೆ ಇನ್ಸುಲಿನ್ನಿನ ಮಾತು ಕೇಳಿಸದು. ಅದು ಸಕ್ಕರೆ ಬಿಡುತ್ತಲೇ ಇರುತ್ತದೆ. ಅದನ್ನು ಸರಿದೂಗಿಸಲು ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ವರ್ಷಗಳು ಕಳೆದಂತೆ ದಣಿದ ಗ್ರಂಥಿ ಸೋಲುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ ಮುಂದಿಟ್ಟ ವಿವರಣೆ ಇದು. ಈ ಉಗ್ರಾಣದ ಮಿತಿ ಪ್ರತಿಯೊಬ್ಬರಲ್ಲೂ ಬೇರೆ ಎಂಬುದು ಅವರ ವಾದದ ಮುಖ್ಯ ಭಾಗ. ಒಬ್ಬ 110 ಕಿಲೊ ತೂಗಿಯೂ ನಿಶ್ಚಿಂತ. ಇನ್ನೊಬ್ಬನ ಮಿತಿ 68 ಕಿಲೊಗೇ ಮುಗಿಯುತ್ತದೆ.

ನಮ್ಮ ಮಿತಿ ಬೇಗ ಮುಗಿಯುತ್ತದೆ. ಅದರ ಬೇರು ತಾಯಿಯ ಗರ್ಭದಲ್ಲಿಯೇ ಇದೆ ಎಂಬುದಕ್ಕೆ ಪುಣೆಯ ಜೊತೆಗೆ ನಮ್ಮ ಮೈಸೂರೂ ಪುರಾವೆ ಒದಗಿಸಿದೆ. ಪುಣೆ ಬಳಿಯ ಹಳ್ಳಿಗಳಲ್ಲಿ ಜನಿಸಿದ ಶಿಶುಗಳ ಸರಾಸರಿ ತೂಕ 2.7 ಕೆ.ಜಿ.; ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದ್ದು 3.5 ಕೆ.ಜಿ. ಕೊರತೆ ಬಿದ್ದದ್ದು ಸ್ನಾಯುವಿಗೆ. ಕೊಬ್ಬಿಗೆ ಅಷ್ಟಾಗಿ ಅಲ್ಲ. ಮೈಸೂರಿನ ಜನ ‘ಮಿಷನ್ ಆಸ್ಪತ್ರೆ’ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಂಡು ಬಂದಿತ್ತು. ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಸಂಶೋಧನೆ 1998ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಉದ್ದ ಕಡಿಮೆಯಿದ್ದು ದುಂಡಗಿದ್ದವರಲ್ಲಿ ಮತ್ತು ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಾಗಿತ್ತು. ಜಗತ್ತಿನ ವೈದ್ಯಸಾಹಿತ್ಯದಲ್ಲಿ ಮೈಸೂರಿನ ಹೆಸರು ಇಂದಿಗೂ ಉಲ್ಲೇಖಗೊಳ್ಳುವುದಕ್ಕೆ ಆ ಹಳೆಯ ದಫ್ತರುಗಳು ಕಾರಣ.

ಸಣ್ಣ ಉಗ್ರಾಣದ ಈ ಜನಕ್ಕೆ ಬಿಎಂಐ ಒಂದೇ ಸಾಕಾಗದು. ಏಷ್ಯಾದವರ ವಿಷಯದಲ್ಲಿ 25ರ ಬದಲು 23ರಿಂದಲೇ ಎಚ್ಚರ ವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2004ರಷ್ಟು ಹಿಂದೆಯೇ ಸೂಚಿಸಿದೆ. ಅದಕ್ಕಿಂತ ಸರಳವಾದದ್ದು ದರ್ಜಿಯ ಟೇಪು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಿದರೆ ಒಳಗೆ ಕೊಬ್ಬು ಸೇರುತ್ತಿದೆ ಎಂದರ್ಥ. 2023ರ ಸಮೀಕ್ಷೆಯ ಪ್ರಕಾರ ಒಟ್ಟಾರೆ ಬೊಜ್ಜು ಇದ್ದವರು ಶೇ 28.6ರಷ್ಟು. ಹೊಟ್ಟೆಯ ಬೊಜ್ಜು ಇದ್ದವರು ಶೇ 39.5ರಷ್ಟು. ತಕ್ಕಡಿಗೆ ಸಿಕ್ಕದೆ ಟೇಪಿಗೆ ಸಿಕ್ಕವರು ಎಷ್ಟು ಮಂದಿ ಎಂಬುದನ್ನು ಈ ಅಂತರವೇ ಹೇಳುತ್ತದೆ.

ಇದರಲ್ಲೊಂದು ಆಶಾದಾಯಕ ಅಂಶವೂ ಇದೆ. ಯಕೃತ್ತಿನ ಕೊಬ್ಬು ಕೊನೆಗೆ ಬಂದು ಸೇರಿದ್ದು, ಆದರೆ ಮೊದಲು ಹೊರಡುವುದೂ ಅದೇ. ಟೇಲರ್ ಮತ್ತು ಗ್ಲಾಸ್ಗೊ ವಿಶ್ವವಿದ್ಯಾಲಯದ ಮೈಕ್ ಲೀನ್ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಧುಮೇಹ ಪತ್ತೆಯಾಗಿ ಆರು ವರ್ಷ ಮೀರದ 306 ಜನರಿದ್ದರು. ಅರ್ಧದಷ್ಟು ಮಂದಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿಯ ಪಥ್ಯ. ವರ್ಷದ ಕೊನೆಗೆ ಅವರಲ್ಲಿ ಶೇ 46ರಷ್ಟು ಮಂದಿ ಔಷಧಿಯಿಲ್ಲದೆ ಮಧುಮೇಹದ ಗೆರೆಯಿಂದ ಕೆಳಗಿದ್ದರು. 15 ಕೆ.ಜಿ. ಅಥವಾ ಹೆಚ್ಚು ಇಳಿಸಿದವರಲ್ಲಂತೂ ಈ ಪ್ರಮಾಣ ಶೇ 86. ಎರಡನೆಯ ವರ್ಷಕ್ಕೆ ಒಟ್ಟು ಸಂಖ್ಯೆ ಶೇ 36ಕ್ಕೆ ಇಳಿಯಿತು. ತೂಕ ಮರಳಿದವರಿಗೆ ರೋಗವೂ ಮರಳಿತು. ಸಕ್ಕರೆ ನಿಯಂತ್ರಿಸಿ ತೂಕ ಇಳಿಸುವುದಕ್ಕಿಂತ, ತೂಕ ಇಳಿಸಿ ಸಕ್ಕರೆಯನ್ನು ಹತೋಟಿಗೆ ತರುವುದೇ ಸಹಜವಾದ ದಾರಿ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ಪ್ರಯೋಗ ಅಪರೂಪ.

<b>ಚೆನ್ನೈ ಕಲಿಸಿದ ಪಾಠ</b>

ಹಾಗೆಂದು ತೂಕ ಇಳಿಯದಿದ್ದರೆ ಎಲ್ಲ ವ್ಯರ್ಥವೇ? ಇಲ್ಲಿ ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ಹಿಂಬಾಲಿಸಲಾಯಿತು. ನಿತ್ಯ ನಡಿಗೆ ಮತ್ತು ಆಹಾರದಲ್ಲಿ ಸರಳ ಬದಲಾವಣೆ ಮಾಡಿಕೊಂಡವರಲ್ಲಿ ಮಧುಮೇಹ ಬರುವ ಸಂಭವ ಶೇ 28.5ರಷ್ಟು ತಗ್ಗಿತು. ವಿಶೇಷವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯನ್ನೇ ನೋಡುತ್ತಿದ್ದರೆ ಅವರು ಸೋತವರು. ರಕ್ತ ಪರೀಕ್ಷೆ ಅವರನ್ನು ಗೆದ್ದವರೆಂದಿತು.

ಕಾರಣ ಸ್ನಾಯುಗಳಲ್ಲಿದೆ. ಉಂಡ ಸಕ್ಕರೆಯ ದೊಡ್ಡ ಪಾಲು ಸೇರಬೇಕಾದ ಜಾಗ ಸ್ನಾಯು. ದುಡಿಯುತ್ತಿರುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಸಕ್ಕರೆಯನ್ನು ಸೆಳೆದುಕೊಳ್ಳುತ್ತದೆ. ಊಟದ ಬಳಿಕ ಹತ್ತು ಹದಿನೈದು ನಿಮಿಷ ನಡೆಯುವುದರ ಪ್ರಯೋಜನ ಇದೇ. ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಒಂದು ಗಂಟೆ ನಡೆದು, ಉಳಿದ ಹದಿಮೂರು ಗಂಟೆ ಕುಳಿತೇ ಕಳೆಯುವವರು ಈ ಪ್ರಯೋಜನದ ಅರ್ಧವನ್ನು ಕಳೆದುಕೊಳ್ಳುತ್ತಾರೆ. ಪಥ್ಯದಿಂದ ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲ, ಸ್ನಾಯುವೇ ಮೊದಲಾದ ಅಂಶ ಎಂಬುದನ್ನೂ ಮರೆಯಬಾರದು. ಹುಟ್ಟಿನಿಂದಲೇ ಸ್ನಾಯು ಕಡಿಮೆ ಇರುವ ನಮಗೆ ಅದು ದುಬಾರಿ ನಷ್ಟ. ಆದ್ದರಿಂದ ನಡಿಗೆಯ ಜೊತೆಗೆ ವಾರಕ್ಕೆರಡು ದಿನ ಭಾರ ಎತ್ತುವ, ಮೆಟ್ಟಿಲೇರುವ, ಬಸ್ಕಿ ಹೊಡೆಯುವ ಅಭ್ಯಾಸ ಬೇಕು. ಗರಡಿಮನೆಗಳ ನಾಡಿಗೆ ಇದು ಹೊಸ ಮಾತೇನಲ್ಲ.

<b>ತಟ್ಟೆಯ ಮೇಲಿನ ಜಗಳ</b>

ಅನ್ನವೋ ಚಪಾತಿಯೋ ಮುದ್ದೆಯೋ ಎಂಬುದು ನಮ್ಮ ಮನೆಗಳ ನಿತ್ಯದ ಜಗಳ. ವೈದ್ಯರು ಅನ್ನ ಬಿಡಿಸಿದರು, ಚಪಾತಿ ಹಿಡಿಸಿದರು ಎಂದು ನಾಲ್ಕು ಚಪಾತಿ ತಿನ್ನುವವರಿದ್ದಾರೆ. ಮುದ್ದೆಗೆ ಸಕ್ಕರೆಯೇ ಇಲ್ಲವೆಂದು ನಂಬಿದವರೂ ಇದ್ದಾರೆ. 2025ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ, ಅದೇ ರಾಷ್ಟ್ರೀಯ ಸಮೀಕ್ಷೆಯನ್ನು ಆಧರಿಸಿದ ವಿಶ್ಲೇಷಣೆ ಈ ಜಗಳಕ್ಕೆ ತೆರೆ ಎಳೆಯಬಹುದು. ಭಾರತೀಯರು ತಿನ್ನುವ ಕ್ಯಾಲೊರಿಯಲ್ಲಿ ಶೇ 62ರಷ್ಟು ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತದೆ. ಬಿಳಿ ಅಕ್ಕಿಯ ಬದಲು ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ಅಷ್ಟೇ ಪ್ರಮಾಣದಲ್ಲಿ ತಿಂದರೆ ಮಧುಮೇಹದ ಅಪಾಯ ತಗ್ಗುವುದಿಲ್ಲ. ಒಟ್ಟು ಪ್ರಮಾಣ ಇಳಿಸಿ, ಆ ಜಾಗದಲ್ಲಿ ಬೇಳೆಕಾಳು, ಹಾಲಿನ ಪದಾರ್ಥಗಳಂತಹ ಪ್ರೋಟೀನ್ ಸೇರಿಸಿದಾಗ ತಗ್ಗುತ್ತದೆ. ರಾಗಿಯಲ್ಲಿ ಸುಣ್ಣದಂಶವಿದೆ, ನಾರಿದೆ, ಗೌರವಿಸಬೇಕಾದ ಧಾನ್ಯವದು. ಆದರೆ ಹೊಲದಲ್ಲಿ ದುಡಿಯುವವನ ಮುದ್ದೆಯ ಗಾತ್ರ ಕಚೇರಿಯ ಕುರ್ಚಿಗೆ ಹೊಂದದು.

ಹೆಚ್ಚೇನೂ ವಿದೇಶಿ ಪಥ್ಯ ಬೇಕಿಲ್ಲ. ತಟ್ಟೆಯಲ್ಲಿ ಅನ್ನ ಎಷ್ಟಿದೆಯೋ ಅದನ್ನು ಅರ್ಧ ಮಾಡಿ, ಹುಳಿ, ಉಸಲಿ, ಪಲ್ಯ, ಬಸ್ಸಾರಿನ ಕಾಳು, ಮೊಸರು, ತಿನ್ನುವವರಾದರೆ ಮೊಟ್ಟೆ ಮೀನುಗಳನ್ನು ಎರಡರಷ್ಟು ಮಾಡಿದರೆ ಬಹುಪಾಲು ಕೆಲಸ ಮುಗಿಯಿತು. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟದ ನಂತರದ ಸಕ್ಕರೆ ಕಡಿಮೆ ಏರುತ್ತದೆ ಎಂದು ಚಿಕ್ಕ ಪ್ರಯೋಗಗಳು ತೋರಿಸಿವೆ. ಬಾಳೆ ಎಲೆಯ ಮೇಲೆ ಕೋಸಂಬರಿ, ಪಲ್ಯಗಳನ್ನು ಮೊದಲು ಬಡಿಸುವ ಪದ್ಧತಿ ನಮ್ಮದು. ಬಡಿಸಿದ ಕ್ರಮದಲ್ಲೇ ಉಣ್ಣುವ ತಾಳ್ಮೆ ಇದ್ದರೆ ಸಾಕು.

<b>ಯಂತ್ರ, ಚುಚ್ಚುಮದ್ದು, ಎಚ್ಚರ</b>

ತೋಳಿಗೆ ಅಂಟಿಸಿಕೊಂಡು ದಿನವಿಡೀ ಸಕ್ಕರೆಯ ಏರಿಳಿತ ನೋಡುವ ಸಾಧನ ಮಧುಮೇಹಿಗಳಿಗೆ, ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ವರದಾನ. ಆರೋಗ್ಯವಂತ ಯುವಕರೂ ಅದನ್ನು ಧರಿಸಿ, ಇಡ್ಲಿ ತಿಂದಾಗ ಗೆರೆ ಏರಿತೆಂದು ಹೆದರುವುದು ಈಚಿನ ಬೆಳವಣಿಗೆ. ಉಂಡಾಗ ಸಕ್ಕರೆ ಏರುವುದು, ಮತ್ತೆ ಇಳಿಯುವುದು ಆರೋಗ್ಯದ ಲಕ್ಷಣವೇ. ಗೆರೆ ಏರಿಸದ ಆಹಾರವೆಲ್ಲ ಹಿತವೂ ಅಲ್ಲ. ಕರಿದ ಗೋಡಂಬಿ, ಬೆಣ್ಣೆ ಗೆರೆಯನ್ನು ಅಲುಗಿಸುವುದೇ ಇಲ್ಲ. ಆದರೆ ಸೊಂಟದ ಅಳತೆಯನ್ನು ಅಲುಗಿಸುತ್ತವೆ.

2025ರಲ್ಲಿ ಭಾರತದ ಮಾರುಕಟ್ಟೆಗೆ ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಬಂದವು. ಅವುಗಳಲ್ಲೊಂದಾದ ಸೆಮಾಗ್ಲುಟೈಡ್, 2021ರ ಪ್ರಯೋಗದಲ್ಲಿ 68 ವಾರಗಳಲ್ಲಿ ಶೇ 14.9ರಷ್ಟು ತೂಕ ಇಳಿಸಿತು. ಇದು ಕರುಳಿನ ಹಾರ್ಮೋನೊಂದರ ಅನುಕರಣೆ. ಸಕ್ಕರೆ ಏರಿದಾಗ ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸುವುದು ಅದರ ಒಂದು ಗುಣ. ಇನ್ಸುಲಿನ್ನೇ ಬೊಜ್ಜಿನ ಏಕೈಕ ಕಾರಣವಾಗಿದ್ದರೆ ಈ ಔಷಧಿ ತೂಕ ಏರಿಸಬೇಕಿತ್ತು. ಅದು ಇಳಿಸುವುದು ಮುಖ್ಯವಾಗಿ ಹಸಿವನ್ನು ಶಮನಗೊಳಿಸುವ ಮೂಲಕ. ಔಷಧಿ ನಿಲ್ಲಿಸಿದ ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಮರಳಿತು ಎಂಬುದೂ ದಾಖಲಾಗಿದೆ. ಅಗತ್ಯವಿದ್ದವರಿಗೆ ಅದು ದೊಡ್ಡ ಆಸರೆ. ಹಬ್ಬಕ್ಕೆ ಮುಂಚೆ ಸಣ್ಣಗಾಗಲು ಬಳಸುವ ವಸ್ತುವಲ್ಲ.

ಎರಡು ಎಚ್ಚರಿಕೆಗಳನ್ನು ಒತ್ತಿ ಹೇಳಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ಸೇವಿಸುವವರು ವೈದ್ಯರಿಗೆ ತಿಳಿಸದೆ ಉಪವಾಸ ಹಿಡಿದರೆ, ಅನ್ನ ಬಿಟ್ಟರೆ, ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಔಷಧಿಯ ಪ್ರಮಾಣ ಮೊದಲು ಬದಲಾಗಬೇಕು, ಪಥ್ಯ ಆಮೇಲೆ. ಎರಡನೆಯದಾಗಿ, ಯಾವ ಪ್ರಯತ್ನವೂ ಇಲ್ಲದೆ ತೂಕ ಇಳಿಯುತ್ತಿದ್ದರೆ, ಬಾಯಾರಿಕೆ, ಪದೇಪದೇ ಮೂತ್ರವಿಸರ್ಜನೆ ಜೊತೆಗಿದ್ದರೆ ಅದು ಸಂತೋಷಪಡುವ ಸಂಗತಿಯಲ್ಲ. ಬಳಕೆಯಾಗದ ಸಕ್ಕರೆ ಮೂತ್ರದಲ್ಲಿ ಹರಿದುಹೋಗುತ್ತಿರುವ ಸೂಚನೆ ಇರಬಹುದು.

ಇದು ವ್ಯಕ್ತಿಯೊಬ್ಬನ ಶಿಸ್ತಿನ ವಿಷಯ ಮಾತ್ರವೂ ಅಲ್ಲ. ಅಕ್ಕಿ ಅಗ್ಗವಾಗಿ, ಬೇಳೆ ದುಬಾರಿಯಾಗಿ ಇರುವ ನಾಡಿನಲ್ಲಿ ಬಡವನಿಗೆ ಪ್ರೋಟೀನಿನ ಉಪದೇಶ ಮಾಡುವುದು ಕ್ರೂರ ವಿನೋದ. ಹೆಚ್ಚುವರಿ ಪಡಿತರ ಅಕ್ಕಿಯ ಬದಲು ಬೇಳೆ, ಅಡುಗೆ ಎಣ್ಣೆ ಮುಂತಾದವುಗಳ ಕಿಟ್ ನೀಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೈಗೊಂಡ ತೀರ್ಮಾನದ ಹಿಂದಿನ ಉದ್ದೇಶಗಳೇನೇ ಇರಲಿ, ಬೇಳೆಯತ್ತ ಸರಿದ ಮಟ್ಟಿಗೆ ಅದರ ದಿಕ್ಕು ಸರಿ. ನಡೆಯಲು ಪಾದಚಾರಿ ಮಾರ್ಗವಿಲ್ಲದ ನಗರ ನಾಗರಿಕನಿಗೆ ನಡಿಗೆಯ ಪಾಠ ಹೇಳುವುದೂ ಅಷ್ಟೇ ಅಸಂಗತ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಕಾಲೇಜುಗಳಲ್ಲಿ, ಕಚೇರಿಗಳ ವಾರ್ಷಿಕ ತಪಾಸಣೆಯಲ್ಲಿ ತೂಕದ ಪಕ್ಕದಲ್ಲಿ ಸೊಂಟದ ಸುತ್ತಳತೆಗೂ ಒಂದು ಅಂಕಣ ಇರಬೇಕು. ಅದಕ್ಕೆ ತಗಲುವ ವೆಚ್ಚ ಒಂದು ಟೇಪಿನದ್ದು.

ಮಧುಮೇಹ ಯುರೋಪಿಯನ್ನರಿಗಿಂತ ಸುಮಾರು ಹತ್ತು ವರ್ಷ ಮುಂಚೆ ನಮ್ಮನ್ನು ಹಿಡಿಯುತ್ತದೆ. ಮನೆಯ ಸಾಲ, ಮಕ್ಕಳ ಶಾಲೆ, ವೃದ್ಧ ತಂದೆತಾಯಿಯರ ಹೊಣೆ ಒಟ್ಟಿಗೆ ಹೆಗಲೇರಿರುವ ವಯಸ್ಸಿನಲ್ಲಿ ಹಿಡಿಯುತ್ತದೆ. ಹಾಗಾಗದಂತೆ ತಡೆಯಲು ಸಿನಿಮಾ ನಟರ ಮೈಕಟ್ಟು ಬೇಕಿಲ್ಲ. ಹೆಚ್ಚು ತೂಕವಿದ್ದವರಿಗೆ ನಿಧಾನವಾಗಿ ಇಳಿಸಿ ಉಳಿಸಿಕೊಂಡ ಐದಾರು ಕಿಲೊ, ತೆಳ್ಳಗಿದ್ದವರಿಗೆ ಸೊಂಟದಿಂದ ಎರಡು ಅಂಗುಲ, ಎಲ್ಲರಿಗೂ ದುಡಿಯುವ ಸ್ನಾಯು ಸಾಕು. ತಕ್ಕಡಿಯ ಮುಳ್ಳು ಅಲುಗದ ತಿಂಗಳಲ್ಲೂ ಯಕೃತ್ತು ಹಗುರಾಗುತ್ತಿರಬಹುದು. ಊಟ ಬಲ್ಲವನಿಗೆ ರೋಗವಿಲ್ಲ ಎಂದ ಹಿರಿಯರು ಎಷ್ಟು ತೂಗುತ್ತೀಯೆ ಎಂದು ಕೇಳಲಿಲ್ಲ.